ಕಬ್ಬಿಣ ಉಸಿರಾಡುವವರೂ ನನ್ನ ಮಾವನೂ

ಕಣ್ಣಿಗೆ ಕಾಣದವರ ಊಟದ ಉಸ್ತುವಾರಿಯಲ್ಲೇ ಹತ್ತು ವರ್ಷ ಕಳೆದ ಗಂಡಸೊಬ್ಬರು ಉಪ್ಪುಂದದಲ್ಲಿದ್ದರು ಎಂದರೆ ನಂಬುತ್ತೀರಾ? ನಂಬದಿದ್ದರೂ ಸರಿ, ಅವರು ನನ್ನ ಸೋದರಮಾವ! ನಾನು ಬೆಳೆದದ್ದೂ ಅವರ ಮನೆಯಲ್ಲೇ.

ಮಾವ ತಮ್ಮ ದೋಣಿಯ ಡೀಸೆಲ್ ಡ್ರಮ್ಮನ್ನು ಹಿತ್ತಲಿನಲ್ಲಿ ಇಡುತ್ತಿದ್ದರು. ಊರಿಗಿನ್ನೂ ಮೊಬೈಲ್ ಬಂದಿರದ ಕಾಲ. ಒಂದು ಮಳೆಗಾಲ ಡ್ರಮ್ಮಿನ ತಳ ತುಕ್ಕು ಹಿಡಿದು ತೂತಾಯಿತು. ಎಣ್ಣೆ ಮಣ್ಣಿಗಿಳಿದು, ತಗ್ಗಿನಲ್ಲಿದ್ದ ನೆರೆಮನೆಯ ಗಿರಿಜಕ್ಕನ ಬಾವಿ ಸೇರಿತು. ಗಿರಿಜಕ್ಕ ಬುಟ್ಟಿ ಹೊತ್ತು ಮೀನು ಮಾರಿ ಒಬ್ಬರೇ ಬದುಕುತ್ತಿದ್ದವರು. ಅವರು ಬೈಯಲಿಲ್ಲ. ಬೈದಿದ್ದರೆ ಮಾವ ನೆಟ್ಟಗಿರುತ್ತಿದ್ದರೋ ಏನೋ!

ಮರುದಿನದಿಂದ ಮಾವ ತಮ್ಮ ಬಾವಿಯಿಂದ ಎರಡು ಕೊಡಪಾನ ನೀರು ಹೊತ್ತು ಗಿರಿಜಕ್ಕನ ಜಗಲಿಗೆ ಇಡತೊಡಗಿದರು. ತೇಲುವ ಎಣ್ಣೆಯನ್ನು ತೆಗೆಸಿದರೂ ವಾಸನೆ ಹೋಗಲಿಲ್ಲ. ಕುಂದಾಪುರದ ಪರಿಚಿತ ವಿಜ್ಞಾನದ ಮೇಷ್ಟ್ರೊಬ್ಬರು ನೀರು ಪರೀಕ್ಷಿಸಿ ಹೇಳಿದರು: ಗಾಳಿಯಿಲ್ಲದ ಮಣ್ಣಿನಾಳದಲ್ಲಿ ಬ್ಯಾಕ್ಟೀರಿಯಾಗಳಿವೆ. ನಮಗೆ ಉಸಿರಾಟಕ್ಕೆ ಆಮ್ಲಜನಕ ಹೇಗೋ, ಅವಕ್ಕೆ ನಮ್ಮ ಕೆಂಪು ಮಣ್ಣಿನ ಕಬ್ಬಿಣ ಹಾಗೆ. ಅದರ ಬಲದಲ್ಲಿ ಅವು ಡೀಸೆಲನ್ನು ತಿಂದು ಮುಗಿಸುತ್ತವೆ. ಆದರೆ ವರ್ಷಗಳೇ ಹಿಡಿಯಬಹುದು, ಅಲ್ಲಿಯವರೆಗೆ ಕುಡಿಯಬೇಡಿ.

ಅಷ್ಟೇ ಸಾಕಾಯಿತು! ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಲು ಬಂದ ಪಂಚಾಯಿತಿಯವನನ್ನು ಮಾವ ಬೇಲಿಯಾಚೆಗೆ ಓಡಿಸಿದರು. "ಹ್ವಾಯ್, ಅವು ಉಂಬ ಹೊತ್ತಲ್ದಾ! ವಿಷ ಹಾಕ್ತ್ರ್ಯಾ?" ಬಾವಿ ಮುಚ್ಚಿಸಿಬಿಡಿ ಎಂದ ನೆಂಟರೊಡನೆ ಮಾತು ಬಿಟ್ಟರು. ಮನೆಗೆ ಯಾರೇ ಬರಲಿ, ಕಾಫಿಗಿಂತ ಮೊದಲು ಆ ಬಾವಿಯ ನೀರು ಮೂಸಬೇಕು.

ನನ್ನನ್ನು ನೋಡಲು ಹೆಮ್ಮಾಡಿಯಿಂದ ಹುಡುಗ ಬಂದಾಗಲೂ ಅದೇ ಕತೆ.

"ಡೀಸೆಲ್ ವಾಸ್ನಿ ಬತ್ತಾ ಕಾಣಿ."

ಪಾಪ, ಅವರು ಮರ್ಯಾದೆಗೆ, "ಇಲ್ಲೆ, ಚಂದ ನೀರ್" ಎಂದರು.

ಮಾವ ಒಳಗೆ ಬಂದು ಅತ್ತೆಗೆ ಪಿಸುಗುಟ್ಟಿದರು: "ಹುಡ್ಗ ಅಡ್ಡಿಲ್ಲೆ. ಮೂಗೇ ಸಮ ಇಲ್ಲೆ!"

ಆ ಮೂಗಿನವರನ್ನೇ ಮದುವೆಯಾದೆ ಬಿಡಿ.

ನನ್ನ ಮಗಳು ಶಾಲೆಗೆ ಸೇರಿದ ವರ್ಷ, ಮೂರು ಸಲ ಪರೀಕ್ಷೆ ಮಾಡಿಸಿದ ಮೇಷ್ಟ್ರು ಇನ್ನು ಕುಡಿಯಬಹುದು ಎಂದರು. ಮೊದಲ ಲೋಟ ಮಾವನೇ ಕುಡಿದರು. ಆಗ ನಾನೂ ಊರಿಗೆ ಬಂದಿದ್ದೆ; ಮರುದಿನ ಬೆಳಿಗ್ಗೆ ನೋಡುತ್ತೇನೆ, ಬರಿಗೈಯಲ್ಲಿ ಗಿರಿಜಕ್ಕನ ಜಗಲಿಯೆದುರು ನಿಂತಿದ್ದಾರೆ. ಊರಿಗೆಲ್ಲ ಬ್ಯಾಕ್ಟೀರಿಯಾ ಪಾಠ ಹೇಳಿದ ಬಾಯಿಗೆ ಒಂದು ಮಾತು ಮಾತ್ರ ಅಷ್ಟು ವರ್ಷ ಬಂದಿರಲಿಲ್ಲ.

"ಗಿರಿಜಕ್ಕ, ನನ್ನಿಂದ ತಪ್ಪಾಯ್ತ್."

ಗಿರಿಜಕ್ಕ ಮೀನಿನ ಬುಟ್ಟಿ ಕೆಳಗಿಟ್ಟರು. "ಅದ್ ಆವತ್ತೇ ಮುಗ್ದಿತ್ ತಮ್ಮ. ನೀರ್ ಹೊರೂದ್ ನಿಲ್ಸ್. ಮನಿಗ್ ಬಪ್ದ್ ನಿಲ್ಸ್ಬೇಡ."

ಮಾವ ಹೆಗಲ ಬೈರಾಸಿನಲ್ಲಿ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಳ್ಳುತ್ತಲೇ ಇದ್ದರು.