ಹಸಿರು ಶಾಲಿನ ವೀರನೂ ಅಕ್ಷರ ಮುಟ್ಟದ ದೊಡ್ಡಪ್ಪನೂ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ನೀವು ಬೈಯುವ ಶ್ರಮ ಉಳಿಯುತ್ತದೆ. ಈ ವಿಜಯದಶಮಿಯ ದಿನ ನಾನು ಬಾಯಿ ಮುಚ್ಚಿಕೊಂಡು ಎರಡು ಹೋಳಿಗೆ ಹೆಚ್ಚಿಗೆ ತಿಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ನನ್ನ ಬಾಯಿ ನನ್ನ ಮಾತನ್ನು ಎಂದು ಕೇಳಿದೆ? ಆಟೋ, ಮಿಕ್ಸಿ, ಪುರೋಹಿತರ ಕೆಮ್ಮು, ಪಕ್ಕದ ಮನೆಯ ನಾಯಿ, ಎಲ್ಲರ ದನಿಯೂ ಅದರಿಂದ ಹೊರಡುತ್ತದೆ, ಬುದ್ಧಿವಂತರದೊಂದು ಬಿಟ್ಟು.

ಇನ್ನು ನಮ್ಮ ದೊಡ್ಡಪ್ಪ. ಅಮೆರಿಕದ ಸೂಪರ್‌ಹೀರೋ ಕಾಮಿಕ್ಸುಗಳನ್ನು, ಅದೂ ನಮ್ಮ ತಾತನ ಕಾಲದವನ್ನು, ಬಾಲ್ಯದಿಂದ ಇವತ್ತಿನವರೆಗೂ ಓದುತ್ತಲೇ ಇದ್ದು, ಅವುಗಳಲ್ಲಿನ ಒಂದೇ ಒಂದು ಅಕ್ಷರವನ್ನೂ ಓದದ ಮನುಷ್ಯ ಈ ಭೂಮಂಡಲದಲ್ಲಿ ಇವರೊಬ್ಬರೇ! ಇಂಗ್ಲಿಷ್ ಬರುವುದಿಲ್ಲವೇನೋ ಅಂದುಕೊಳ್ಳಬೇಡಿ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ಇಂಗ್ಲಿಷ್ ಪೇಪರನ್ನು ಕೆಂಪು ಪೆನ್ನು ಹಿಡಿದೇ ಓದುತ್ತಾರೆ. ತಪ್ಪು ಜಾಸ್ತಿ ಸಿಕ್ಕ ದಿನ ಎರಡು ಇಡ್ಲಿ ಜಾಸ್ತಿ ಇಳಿಯುತ್ತದೆ. ಆದರೆ ಕಾಮಿಕ್ಸ್ ಕೈಗೆ ಬಂತೋ, ಚಿತ್ರದ ಮೇಲೆ ಕಣ್ಣು, ಮಾತಿನ ಗುಳ್ಳೆಯ ಮೇಲೆ ಹೆಬ್ಬೆರಳು!

"ಯಾಕೆ ದೊಡ್ಡಪ್ಪ, ಗುಳ್ಳೆ ಒಡೆದುಹೋಗುತ್ತಾ?" ಎಂದು ಕೇಳಿದ್ದೆ.

"ನಂಗೆ ಕತೆ ಗೊತ್ತು ಬುಡೋ. ಅವರು ಏನೇನೋ ಬರ್ಕೊಂಡಿರ್ತಾರೆ, ನಮಗ್ಯಾಕೆ?"

ಆ ಕತೆ ಹೇಳಿಕೊಟ್ಟವರು ಅವರ ಅಕ್ಕ, ಅಂದರೆ ನನ್ನ ಸೋದರತ್ತೆ. ತಾತ ಅರಮನೆಯ ಅತಿಥಿಗೃಹದಲ್ಲಿ ಊಟೋಪಚಾರ ನೋಡಿಕೊಳ್ಳುತ್ತಿದ್ದರಂತೆ. ಯಾವುದೋ ಪರದೇಶದ ಕುಟುಂಬ ಕೋಣೆಯಲ್ಲಿ ಬಿಟ್ಟುಹೋದ ಕಾಮಿಕ್ಸಿನ ಕಟ್ಟು, ಟೈಫಾಯ್ಡ್ ಬಂದು ಮಲಗಿದ್ದ ಪುಟ್ಟ ದೊಡ್ಡಪ್ಪನ ಹಾಸಿಗೆ ಸೇರಿತು. ಓದಿ ಹೇಳಲು ಪಕ್ಕದಲ್ಲಿ ಕೂತದ್ದು, ತಮ್ಮಂದಿರನ್ನು ನೋಡಿಕೊಳ್ಳಲೆಂದು ಸ್ಕೂಲು ಬಿಡಿಸಿದ್ದ ಅಕ್ಕ. ಹಾಗೆ ಸ್ಕೂಲು ಬಿಟ್ಟವರು ಬೀದಿಯಲ್ಲೆಲ್ಲ "ಇಂಗ್ಲಿಷ್ ಪುಸ್ತಕ ಓದೋ ಹುಡುಗಿ" ಎಂದು ಹೆಸರು ಮಾಡಿಬಿಟ್ಟರು! ಕಿಟಕಿಗೆ ಜೋತುಬಿದ್ದು ಕತೆ ಕೇಳುವವರ ಗುಂಪೇ ಇತ್ತಂತೆ.

ಕತೆಯಾದರೂ ಎಂಥದ್ದು! ವೀರ ಹಳದಿ ಚಡ್ಡಿಯನ್ನು ಪ್ಯಾಂಟಿನ ಮೇಲೆ ಹಾಕಿಕೊಂಡಿದ್ದೇಕೆ? ಶ್ರೀರಂಗಪಟ್ಟಣದಲ್ಲಿ ಹೊಳೆ ಸ್ನಾನ ಮಾಡುತ್ತಿದ್ದಾಗ ಯಾರೋ "ಕಾಪಾಡೀ" ಅಂದರು, ಗಡಿಬಿಡಿಯಲ್ಲಿ ಹಿಂದುಮುಂದಾಯಿತು. ಬೆನ್ನಿಗೆ ಕಟ್ಟಿದ ಹಸಿರು ಬಟ್ಟೆ? ಅಷ್ಟು ಎತ್ತರ ಹಾರಿದರೆ ಶೀತವಾಗುತ್ತದೆಂದು ಅವನಕ್ಕ ಹೊದಿಸಿದ ಶಾಲು. ಬೋಳುತಲೆಯ ಖಳನಾಯಕ? ಬೀದಿ ನಲ್ಲಿಯ ನೀರು ನಿಲ್ಲಿಸಿದ ಪಾಪಿ!

ಮೂರು ವರ್ಷದ ಹಿಂದೆ, ನಮ್ಮೂರ ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬಂದಿದ್ದ ಅಮೆರಿಕದ ಗೆಳೆಯನೊಬ್ಬನಿಗೆ ಹಳೆಯ ಕಾಮಿಕ್ಸೆಂದರೆ ಪ್ರಾಣ. ಅವನನ್ನು ವಿಜಯನಗರದ ದೊಡ್ಡಪ್ಪನ ಮನೆಗೆ ಕರೆದುಕೊಂಡು ಹೋದೆ. ಬೀರು ತೆರೆದರು. ಒಂದೊಂದು ಪುಸ್ತಕಕ್ಕೂ ದಬ್ಬಳದಲ್ಲಿ ಹೊಲಿದ ರಟ್ಟು, ಪುಟಗಳ ನಡುವೆ ಬೇವಿನೆಲೆ, ಮೇಲೆ ವರ್ಷವರ್ಷದ ಅರಿಶಿನ ಕುಂಕುಮ! ಅಲ್ಲೇ ಅವನು ಶವಾಸನ ಹಾಕುವುದೊಂದು ಬಾಕಿ. ಚೇತರಿಸಿಕೊಂಡವನಿಗೆ ದೊಡ್ಡಪ್ಪ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ನಲ್ಲಿ ನೀರಿನ ಕತೆ ಹೇಳಿದರು.

"ನಾನು ಓದಿದ್ದು ಈ ಕತೆಯೇ ಅಲ್ಲವಲ್ಲ! ಇದು ಯಾವ ಮುದ್ರಣ?" ಎಂದು ಅವನು ಕಣ್ಣರಳಿಸಿದ.

"ನಮ್ಮ ಮನೆಯದು," ಎಂದರು ದೊಡ್ಡಪ್ಪ, ತುಟಿಯಂಚಿನಲ್ಲೂ ನಗದೆ.

ಅರಿಶಿನ ಕುಂಕುಮ ಯಾಕೆಂದಿರಾ? ದಸರೆಯ ಸರಸ್ವತಿ ಪೂಜೆಗೆ ಮಕ್ಕಳು ಕಷ್ಟವಾದ ಗಣಿತದ ಪುಸ್ತಕ ತಂದಿಟ್ಟರೆ, ಇವರು ಇಡುವುದು ಕಾಮಿಕ್ಸ್.

"ರೀ, ಚಡ್ಡಿ ಮೇಲಕ್ಕಾಕ್ಕೊಂಡಿರೋನ್ನ ಸರಸ್ವತಿ ಪಕ್ಕ ಕೂರಿಸ್ತೀರಲ್ಲಾ!" ಎಂದು ದೊಡ್ಡಮ್ಮ ರೇಗುತ್ತಾರೆ.

"ಆಂಜನೇಯ ಏನು ಸಫಾರಿ ಸೂಟ್ ಹಾಕ್ಕೊಂಡಿದ್ನೇನೇ?"

ದೊಡ್ಡಮ್ಮ ಇನ್ನೊಂದು ಹೂವಿಡುತ್ತಾರೆ.

ಪೂಜೆಗಿಟ್ಟ ಪುಸ್ತಕವನ್ನು ವಿಸರ್ಜನೆಯಾಗುವವರೆಗೆ ಓದುವಂತಿಲ್ಲ. ವಿಜಯದಶಮಿಯಂದು ತೆಗೆದು ಸ್ವಲ್ಪವಾದರೂ ಓದಲೇಬೇಕು. ದೊಡ್ಡಪ್ಪನ ಶಾಸ್ತ್ರದಲ್ಲಿ ಹಾಗೆ ಓದಬೇಕಾದವರು ಅತ್ತೆ, ಅತ್ತೆ ಮಾತ್ರ. ಹೋದ ವರ್ಷ ಕಣ್ಣಿನ ಆಪರೇಷನ್ ಆಗಿ ಅತ್ತೆ ಬರಲಾಗಲಿಲ್ಲ. ಪುಸ್ತಕಗಳು ಕದಲಲೇ ಇಲ್ಲ! ಗೊಂಬೆಗಳು ಪೆಟ್ಟಿಗೆ ಸೇರಿದವು, ಸಂಕ್ರಾಂತಿ ಬಂತು, ಯುಗಾದಿ ಬಂತು, ಗೌರಿ ಹಬ್ಬವೂ ಬಂತು. ಕಾಮಿಕ್ಸ್ ಮಾತ್ರ ದೇವರ ಮನೆಯಲ್ಲೇ. "ಅಕ್ಕ ಬಂದು ಓದ್ಲಿ, ಆಮೇಲೆ ಮುಟ್ತೀನಿ" ಎಂದು ದೊಡ್ಡಪ್ಪ ವರ್ಷವಿಡೀ ಬಾಗಿಲಲ್ಲಿ ನಿಂತು ಅವುಗಳನ್ನು ನೋಡುವರು. ಅಕ್ಕನಿಗೆ ವಯಸ್ಸಾಗಿದೆ, ಇನ್ನು ಓದದೇ ಹೋದರೆ ಎಂಬ ಹೆದರಿಕೆ ನನ್ನಂಥ ದಡ್ಡನ ಕಣ್ಣಿಗೂ ಬೀಳುತ್ತಿತ್ತು.

ಈ ಸಲ ಅತ್ತೆ ಬಂದರು! ಹೊಸ ಕನ್ನಡಕ, ಹೊಸ ಹುರುಪು. ಮನೆ ತುಂಬ ಜನ. ದೊಡ್ಡಪ್ಪ ಅಕ್ಕನ ಕಾಲ ಬಳಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅತ್ತೆ ಕೊನೆಯ ಪುಟಕ್ಕೆ ಬಂದಾಗ ದನಿ ಏರಿಸಿದರು.

"ಆಗ ಆ ಬಡಕಲು ಹುಡುಗ, 'ಅಕ್ಕಾ, ನನ್ ಕೈಲಿ ಆಗಾಕಿಲ್ಲ' ಅಂತ ಗೊಳೋ ಅಂದ. ಅಕ್ಕ ಏನ್ಮಾಡುದ್ಲು? ದಿನಾ ಮುದ್ದೆ, ಬಸ್ಸಾರು ಇಕ್ಕುದ್ಲು. ಈ ಚಿತ್ರದಲ್ಲಿ ನೋಡ್ರೋ, ಎಂಗಾಗವೆ ತೋಳು!"

ನಾನು ಹೆಗಲ ಮೇಲಿಂದ ಇಣುಕಿದೆ. ಅದು ಕತೆಯೇ ಅಲ್ಲ, ಹಿಂಬದಿಯ ಜಾಹೀರಾತು! ತಡೆಯುವ ಜಾತಿಯೇ ನನ್ನದು? ಮೂಗಿನಲ್ಲಿ ಅಮೆರಿಕದವರ ದನಿ ತೆಗೆದು, ಇದ್ದದ್ದನ್ನು ಇದ್ದಂತೆ ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಷರಾ ಬೇರೆ ಸೇರಿಸಿದೆ:

"ಅತ್ತೇ, ಅಕ್ಕನೂ ಇಲ್ಲ, ಮುದ್ದೆಯೂ ಇಲ್ಲ! ಸಣಕಲರಿಗೆ ಅಂಚೆಯಲ್ಲಿ ಕಸರತ್ತಿನ ಪಾಠ ಕಳಿಸ್ತಾರಂತೆ, ಅದರ ಅಡ್ವರ್ಟೈಸ್‌ಮೆಂಟು ಇದು!"

ಮಕ್ಕಳೆಲ್ಲ ಹೋ ಎಂದು ನಕ್ಕರು. ನಾನು ತಲೆಬಾಗಿ ವಂದಿಸಿದೆ.

ಅತ್ತೆ ನಗಲಿಲ್ಲ. ಕನ್ನಡಕ ತೆಗೆದರು. ಪುಸ್ತಕ ಮುಚ್ಚಿ ಮಣೆಯ ಮೇಲಿಟ್ಟು ತಮ್ಮನನ್ನು ನೋಡಿದರು.

"ನಂಗೆ ಎಬಿಸಿಡಿ ಬಿಟ್ರೆ ಏನೂ ಬತ್ತಿರ್ಲಿಲ್ಲ ಕಣೋ. ನೀನು ಜ್ವರದಲ್ಲಿ ಅಳ್ತಿದ್ದೆ, ಬಾಯಿಗೆ ಬಂದಿದ್ದು ಹೇಳ್ಬುಟ್ಟೆ. ನೀನು ಇಂಗ್ಲಿಷ್ ಕಲ್ತ ಮೇಲೆ ಎಲ್ಲಿ ಗೊತ್ತಾಗ್ಬುಡ್ತದೋ ಅಂತ ಪ್ರತಿ ದಸರಾಗೂ ಎದೆ ಡವಡವ ಅನ್ನೋದು. ಸಾಕು ಬುಡು. ಇನ್ಮೇಲೆ ಇವನೇ ಓದ್ಲಿ."

ನಗು ನಿಂತುಹೋಯಿತು. ನಾನು ಎರಡು ಹೆಜ್ಜೆ ಹಿಂದೆ ಸರಿದು ಮಕ್ಕಳ ಬೆನ್ನ ಹಿಂದೆ ಕೂತೆ.

ದೊಡ್ಡಪ್ಪ ಮಂಡಿ ಹಿಡಿದುಕೊಂಡು ಎದ್ದರು. ಪುಸ್ತಕವನ್ನು ಅದೇ ಪುಟಕ್ಕೆ ತೆರೆದು ಅಕ್ಕನ ತೊಡೆಯ ಮೇಲಿಟ್ಟರು. ಕನ್ನಡಕವನ್ನು ತಮ್ಮ ಪಂಚೆಯಲ್ಲಿ ಒರೆಸಿ, ಅವರ ಮೂಗಿಗೆ ತಾವೇ ಏರಿಸಿದರು. ಮತ್ತೆ ನೆಲದ ಮೇಲೆ ಕೂತು, ನನ್ನ ಕಡೆ ತಿರುಗಿಯೂ ನೋಡದೆ ಅಂದರು:

"ಅವನ ಮಾತೇನ್ ಕೇಳ್ತೀಯಕ್ಕಾ, ಅವನಿಗೆ ಇಂಗ್ಲಿಷ್ ಎಲ್ಲಿ ಬರ್ತದೆ? ಅವನು ಓದಿರೋದು ಬರೀ ಇಂಗ್ಲಿಷ್ ಮೀಡಿಯಮ್ಮು. ನೀನು ಓದು, ಮುದ್ದೆ ತಿಂದ್ಮೇಲೆ ಏನಾಯ್ತು?"