ಮುಂಬಾಗಿಲ ಕಿಟಕಿಯ ಮೀನುತೊಟ್ಟಿಯ ಪಾಚಿಯವರಿಗೆ

ಡೊಕ್ಕುಮ್ ಊರಿನ ನಮ್ಮ ಮನೆಯ ಮೀನುತೊಟ್ಟಿಯಲ್ಲಿ ಗಾಜು, ಗಿಡ, ಕಲ್ಲು ಎಂಬ ಭೇದವೆಣಿಸದೆ ನೆಲೆಸಿರುವ ಮಾನ್ಯ ಪಾಚಿಯವರೇ,

ತಮ್ಮ ಕ್ಷೇಮವನ್ನು ವಿಚಾರಿಸಬೇಕಾಗಿಲ್ಲ. ಅದು ನಿನ್ನೆಯವರೆಗೆ ಬೀದಿಗೇ ಕಾಣುತ್ತಿತ್ತು. ನಾಯಕರಿಲ್ಲದೆ, ಸಭೆಯಿಲ್ಲದೆ, ಕೂಲಿಯ ತಕರಾರಿಲ್ಲದೆ ಇಡೀ ತೊಟ್ಟಿಯನ್ನು ವಶಪಡಿಸಿಕೊಂಡ ತಮ್ಮ ಸಂಘಟನೆಯ ಮುಂದೆ ನಾನು ಓದಿದ ಕರಪತ್ರಗಳೆಲ್ಲ ನಾಚಬೇಕು. ಹಸಿದವರಿಗೆ ಅಳೆದು ಬಡಿಸಬಾರದೆಂದು ಮೀನುಗಳಿಗೆ ಧಾರಾಳವಾಗಿ ಹಾಕುತ್ತೇನೆ. ಅವು ಬಿಟ್ಟದ್ದು ತಳದಲ್ಲಿ ಕೊಳೆತು, ನೈಟ್ರೇಟ್, ಫಾಸ್ಫೇಟ್ ಆಗಿ ತಮ್ಮ ಪಂಕ್ತಿಗೆ ಬರುತ್ತದೆ. ಔಷಧಿ ಸುರಿದರೂ ಸತ್ತ ತಾವು ಬದುಕಿರುವ ತಮಗೇ ಊಟವಾಗುತ್ತೀರಿ. ಇಂಥ ತ್ಯಾಗವನ್ನು ನಮ್ಮ ಪಕ್ಷಗಳಲ್ಲಿ ನಾನು ಕಂಡಿಲ್ಲ.

ಆದರೆ ನಮ್ಮ ಅಕ್ವೇರಿಯಂ ಸಂಘದ ತೀರ್ಪುಗಾರರು ಮನೆಮನೆಗೆ ಬಂದು ಅಂಕ ಕೊಡುತ್ತಾರೆ. ಈ ಸಲವೂ ತೊಟ್ಟಿ ಸೋತರೆ ಮೀನುಗಳು ಸಂಘಕ್ಕೆ, ತೊಟ್ಟಿ ಗುಜರಿಗೆ ಎಂದು ಅಮ್ಮ ಹೇಳಿಯಾಗಿದೆ. ಶನಿವಾರ ತೀರ್ಪುಗಾರ ಸೀಟ್ಸೆಯವರು ಬಂದು, ಕಾಫಿಯ ಜೊತೆ ಕೊಟ್ಟ ಒಂದೇ ಬಿಸ್ಕತ್ತನ್ನು ನಿಧಾನವಾಗಿ ಮುಗಿಸಿ, ತಮ್ಮನ್ನು ಬಿಟ್ಟು ಕಿಟಕಿಯನ್ನೇ ನೋಡಿದರು.

"ಊಟ ಅರ್ಧ ಮಾಡಪ್ಪ, ವಾರಕ್ಕೊಮ್ಮೆ ನೀರು ಬದಲಾಯಿಸು. ಮೊದಲು ಆ ಪರದೆ ಎಳಿ. ಮುಂದಿನ ತಿಂಗಳು ಬಂದು ಅಂಕ ಹಾಕ್ತೀನಿ."

ಅಮ್ಮ ಬಿಳಿಚಿಕೊಂಡಳು. ನಮ್ಮ ಬೀದಿಯಲ್ಲಿ ಸಾವಾದ ಮನೆಯ ಹೊರತು ಹಗಲು ಪರದೆ ಎಳೆದವರುಂಟೇ? ಹೋಗಿಬರುವವರು ನೋಡಲೆಂದೇ ತೊಟ್ಟಿಯನ್ನು ಕಿಟಕಿಗಿಟ್ಟದ್ದು. ಬೆಳಕು ಎಲ್ಲರ ಸೊತ್ತು ಎಂದು ನಾನೂ ವಾದಿಸುತ್ತಿದ್ದೆ. ಅದನ್ನು ಅಕ್ಷರಶಃ ಪಾಲಿಸಿದವರು ತಾವೊಬ್ಬರೇ. ನಿನ್ನೆ ಪರದೆ ಎಳೆದಾಯಿತು.

ಆದ್ದರಿಂದ ತಾವು ದಯವಿಟ್ಟು ಊರಾಚೆಯ ಕಾಲುವೆಗೆ ಸ್ಥಳಾಂತರಗೊಳ್ಳಬೇಕೆಂದು ಕೋರುತ್ತೇನೆ. ಅಲ್ಲಿಗೆ ದೊಡ್ಡ ಹಸು ಫಾರ್ಮ್‌ಗಳ ಗೊಬ್ಬರದ ನೀರು ಬಿಟ್ಟಿಯಾಗಿ ಹರಿಯುತ್ತದೆ, ಪರದೆ ಎಳೆಯುವವರೂ ಇಲ್ಲ, ಅಂಕ ಹಾಕುವವರಂತೂ ಇಲ್ಲವೇ ಇಲ್ಲ.

ಇಂದು ಬೆಳಿಗ್ಗೆ ಮುಚ್ಚಿದ ಕಿಟಕಿ ಕಂಡು ಎದುರುಮನೆಯ ಬೌಕ್ಯೆ ಕೇಕ್ ಹಿಡಿದು ಬಂದರು. ಯಾರು ತೀರಿಕೊಂಡರೆಂದು ಮೆಲ್ಲಗೆ ಕೇಳಿದರು. ಅಮ್ಮ ತೊಟ್ಟಿಯ ಕಡೆ ತಿರುಗಿ ನಿಟ್ಟುಸಿರಿಟ್ಟಳು.

"ಇನ್ನೂ ಹೋಗಿಲ್ಲ ಕಣೇ ಬೌಕ್ಯೆ. ಆದ್ರೆ ಉಳಿಯೋ ಹಾಗೆ ಕಾಣ್ಸಲ್ಲ."

ತಮ್ಮ ಬೆಳಕು ಕಸಿದುಕೊಂಡೂ ತಮ್ಮ ವಿಶ್ವಾಸಿಯೇ ಆಗಿರುವ,
ಯೊರಿಟ್ ಹೂಕೆಮಾ

ಮರೆತ ವಿಷಯ: ಕೇಕನ್ನು ನಾವೇ ತಿಂದು ಮುಗಿಸಿದೆವು. ಮೀನುಗಳು ಗಾಜಿನ ಬಳಿ ಬಂದು ಬಾಯಿ ತೆರೆದವು; ಒಂದು ಚೂರೂ ಹಾಕದೆ ನನ್ನ ತತ್ವಕ್ಕೆ ಬೆನ್ನು ತಿರುಗಿಸಿ ಕೂತೆ.