ಕೈಯಾರೆ ಬಿಟ್ಟ ಗೋಲು

ನೀಲಕಂಠನ ಸಂಸಾರ ಕೆಟ್ಟದ್ದು ಅವನ ಎಡಗೈಯ ಎರಡು ಬೆರಳುಗಳಿಂದ.

ಆಷಾಢದಲ್ಲಿ ಯಾದಗಿರಿಯ ಬಯಲಿನಲ್ಲಿ ಸುರಪುರದವರ ಜೊತೆ ಫುಟ್‌ಬಾಲ್ ಪಂದ್ಯವಿತ್ತು. ಆಟ ಮುಗಿಯುವ ಹೊತ್ತಿಗೆ ಸುರಪುರದವನೊಬ್ಬ ಒದ್ದ ಚೆಂಡು ನೇರ ಗೋಲಿನ ಮೂಲೆಗೆ ಹೊರಟಿತು. ಗೋಲ್ ಕಾಯುತ್ತಿದ್ದ ನೀಲಕಂಠ ಹಾರಿ ಎರಡು ಬೆರಳು ತಾಗಿಸಿದ. ಚೆಂಡು ಅಡ್ಡಕಂಬದ ಮೇಲೆ ಹಾದು ಹೋಯಿತು, ಯಾದಗಿರಿ ಗೆದ್ದಿತು. ಗೋಲಿನ ಹಿಂದೆ ನಿಂತಿದ್ದವನು ಅವನ ಹೆಂಡತಿಯ ಅಪ್ಪ, ಸುರಪುರದ ಕಾಳಿನ ವ್ಯಾಪಾರಿ ಬಸವಂತ್ರಾಯ. ಗೋಲಾಯಿತೆಂದೇ ತಿಳಿದು ಆತ ತಲೆಯ ರುಮಾಲನ್ನು ಮೇಲಕ್ಕೆ ತೂರಿಬಿಟ್ಟಿದ್ದ. ಅದು ಕೆಸರಿಗೆ ಬಿದ್ದಿತು. ಬೋಳುತಲೆಯ ಮಾವನನ್ನು ನೋಡಿ ಯಾದಗಿರಿಗೆ ಯಾದಗಿರಿಯೇ ನಕ್ಕಿತು. ನೀಲಕಂಠನೂ ನಕ್ಕ. ಬಂದದ್ದೆಲ್ಲ ಅಲ್ಲಿಂದಲೇ ಬಂತು.

ಶ್ರಾವಣದಲ್ಲಿ ಹೆಂಡತಿ ದೇವಕ್ಕ ಪಂಚಮಿಗೆಂದು ತವರಿಗೆ ಹೋದಳು. ಉಂಡಿ ತಿಂದು, ಜೋಕಾಲಿ ಆಡಿ, ಉಡಿ ತುಂಬಿಸಿಕೊಂಡು ಎಂಟು ದಿನಕ್ಕೆ ಬರಬೇಕಾದವಳು ದೀಪಾವಳಿ ಕಳೆದರೂ ಬರಲಿಲ್ಲ. ತವರಿನವರು ಉಡಿ ತುಂಬದೆ ಮಗಳು ಹೊಸ್ತಿಲು ದಾಟುವಂತಿಲ್ಲ, ಬಸವಂತ್ರಾಯ ಉಡಿ ತುಂಬಿಸುವವನಲ್ಲ. ನೀಲಕಂಠ ಮೂರು ತಿಂಗಳಿಂದ ತಾನೇ ರೊಟ್ಟಿ ಬಡಿಯುತ್ತಿದ್ದ. ಅವನ ರೊಟ್ಟಿ ಬಡಿತ ಕೇಳಿ ಪಕ್ಕದ ಮನೆಯ ಅನ್ವರಬಿ, "ಯಾರಿಗೆ ಹೊಡ್ಯಾಕತ್ತಿಯೋ ತಮ್ಮಾ" ಎಂದು ಗೋಡೆಯಾಚೆಯಿಂದ ಕೇಳುತ್ತಿದ್ದಳು. ಅವನಿಗೆ ಅಳು ಬರುತ್ತಿತ್ತು.

ಹೀಗಿರುವಾಗ ಹತ್ತಿ ಮಾರಲು ಬಂದ ಸುರಪುರದ ದುರಗಪ್ಪ ಮಾವನ ಸುದ್ದಿ ತಂದ. ನಾಳೆ ಸುರಪುರದಲ್ಲಿ ಮರುಪಂದ್ಯ.

"ಮಾವಾರು ಏನ್ ಹೇಳ್ಯಾರ?"

"ನಮ್ಮ ಊರಾಗ ಬಂದು ಸೋತು ತೋರಸ್ಲಿ, ಆ ಹೊತ್ತಿಗೇ ಉಡಿ ತುಂಬಿ ಮಗಳನ್ನ ಕಳಸ್ತೀನಿ ಅಂದಾರ. ಗೆದ್ರ, ಆ ಚೆಂಡಿನ ಜೋಡೀನ ಸಂಸಾರ ಮಾಡ್ಲಿ ಅಂದಾರ."

ಸೋಲುವುದೇನು ಸಣ್ಣ ಮಾತೇ? ಯಾದಗಿರಿಯದು ಹವ್ಯಾಸದ ತಂಡವಲ್ಲ. ಹತ್ತಿ ಗಿರಣಿಯ ಮಾಲೀಕ ಸಂಬಳ ಕೊಟ್ಟು ಇಟ್ಟುಕೊಂಡ ಹನ್ನೊಂದು ಮಂದಿ. ಹೆಸರಿಗೆ ಗಿರಣಿಯ ನೌಕರರು, ಹತ್ತಿಯ ಒಂದು ಎಳೆ ಮುಟ್ಟಿದವರಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ಜಿಲ್ಲೆಯ ಪಂದ್ಯಾವಳಿಯಲ್ಲಿ ಒಂದೇ ಗುಂಪಿನವು. ಬೇರೆ ಯಾರಿಗಾದರೂ ಸೋತರೆ ಮಾಲೀಕ ಬೈಯುತ್ತಿದ್ದ, ಈ ಎರಡು ಊರಿಗೆ ಸೋತರೆ ಅನ್ನ ಬಿಡುತ್ತಿದ್ದ. ಬೇಕೆಂದೇ ಚೆಂಡು ಬಿಟ್ಟದ್ದು ಗೊತ್ತಾದರೆ ನೀಲಕಂಠನ ನೌಕರಿ ಅಲ್ಲಿಗೆ ಮುಗಿಯಿತು. ಆದರೂ ರಾತ್ರಿಯೆಲ್ಲ ಯೋಚಿಸಿ ಅವನು ನಿರ್ಧರಿಸಿದ: ನೌಕರಿ ಇನ್ನೊಂದು ಸಿಕ್ಕೀತು, ದೇವಕ್ಕ ಇನ್ನೊಬ್ಬಳು ಸಿಗುವುದಿಲ್ಲ.

ಬೆಳಿಗ್ಗೆ ಗಿರಣಿಯ ಲಾರಿ ಹೊರಟಿತು. ಯುದ್ಧದ ಕಾಲ, ಪೆಟ್ರೋಲು ಇಲ್ಲ. ಇದ್ದಿಲ ಹೊಗೆಯಲ್ಲಿ ಓಡುವ ಆ ಲಾರಿ ಏರು ಬಂದಲ್ಲೆಲ್ಲ ಆಟಗಾರರನ್ನು ಇಳಿಸಿ ತಳ್ಳಿಸಿಕೊಳ್ಳುತ್ತಿತ್ತು. ಎಲ್ಲರೂ ದಣಿಯಲಿ ಎಂದು ನೀಲಕಂಠ ಒಳಗೊಳಗೇ ಹರಕೆ ಹೊತ್ತ. ಅವನಂತೂ ತಳ್ಳುವ ನೆಪದಲ್ಲಿ ಹಿಂದಕ್ಕೆ ಜಗ್ಗುತ್ತಿದ್ದ.

ಶಹಾಪುರದಲ್ಲಿ ಚಹಾಕ್ಕೆ ಇಳಿದಾಗ ಅವನ ಗೆಳೆಯ ವಹಾಬ ಪಕ್ಕಕ್ಕೆ ಬಂದು ಕೂತ. ವಹಾಬ ಗೋಲಿನ ಮುಂದೆ ಆಡುವ ರಕ್ಷಕ. ಅವನ ಕಾಲು ಗಟ್ಟಿ, ಬಾಯಿ ಮಾತ್ರ ಬಲು ಸಡಿಲು.

"ಯಾಕೋ ದೋಸ್ತ, ಮಾರಿ ಯಾಕ ಹಿಂಗ ಮಾಡ್ಕೊಂಡಿ?"

ನೀಲಕಂಠನಿಗೆ ತಡೆಯಲಾಗಲಿಲ್ಲ. "ನಾ ಅವತ್ತು ಚೆಂಡು ತಡದೆ ಅಂತ ಮಾವಾರು ದೇವಕ್ಕನ್ನ ಕಳಸ್ವಲ್ರು" ಎಂದ. ಇನ್ನರ್ಧ ಹೇಳಬೇಕು ಎನ್ನುವಷ್ಟರಲ್ಲಿ ತಂಡದ ನಾಯಕ ಬಾಷುಮಿಯಾ ಎದುರಿನ ಬೆಂಚಿಗೆ ಬಂದು ಕುಳಿತ. ಬಾಷುಮಿಯಾ ಮಾಲೀಕನ ಬಲಗೈ. ಉಳಿದ ಅರ್ಧವನ್ನು ನೀಲಕಂಠ ಚಹಾದ ಜೊತೆ ನುಂಗಿದ.

ಸಿಕ್ಕ ಅರ್ಧವೇ ವಹಾಬನಿಗೆ ಸಾಕಾಯಿತು. ಲಾರಿ ಮತ್ತೆ ಹೊರಡುವುದರೊಳಗೆ ಉಳಿದವರಿಗೆಲ್ಲ ಸುದ್ದಿ ಮುಟ್ಟಿತ್ತು. ನೀಲಕಂಠ ಹತ್ತಿದಾಗ ಬಾಷುಮಿಯಾ ಅವನ ಹೆಗಲ ಮೇಲೆ ಕೈ ಇಟ್ಟ.

"ನಮಗ್ಯಾಕ ಮೊದಲ ಹೇಳಲಿಲ್ಲ? ನಮ್ಮ ತಂಡದ ಸಲುವಾಗಿ ಆಡಿದಾಂವನ ಹೇಣ್ತಿನ್ನ ಹಿಡದು ಕುಂದರಿಸ್ಯಾನ ಅಂದ್ರ ಏನ್ ಮಾತು? ಇವತ್ತ ನಿನ್ನ ಇಜ್ಜತ್ತು ನಮ್ಮ ಇಜ್ಜತ್ತು."

"ಬ್ಯಾಡ್ರಿ ಕಪ್ತಾನ್ ಸಾಬ್, ಅಷ್ಟೇನ್ ದೊಡ್ಡದ ಮಾಡಬ್ಯಾಡ್ರಿ."

"ನೀ ಸುಮ್ಮ ನಿಂದ್ರು. ಚೆಂಡು ನಿನ್ನ ಹತ್ರ ಬರಾಕೂ ಬಿಡಂಗಿಲ್ಲ."

ಮುಂದಿನ ಏರಿನಲ್ಲಿ ನೀಲಕಂಠ ಲಾರಿಯನ್ನು ಇನ್ನಷ್ಟು ಜೋರಾಗಿ ಹಿಂದಕ್ಕೆ ಜಗ್ಗಿದ.

ಸುರಪುರದ ಬಯಲಿನ ಸುತ್ತ ಜನವೋ ಜನ. ಪಕ್ಕದ ಮನೆಗಳ ಮಾಳಿಗೆಯ ಮೇಲೆ ಹೆಂಗಸರು ತುಂಬಿದ್ದರು. ಅವರ ನಡುವೆ ಹಸಿರು ಇಳಕಲ್ ಸೀರೆ ಕಂಡಿತು. ದೇವಕ್ಕನೇ. ಅವಳು ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ಇವನನ್ನೇ ನೋಡುತ್ತಿದ್ದಳು. ಇನ್ನೊಂದು ತಾಸು ತಡಕೋ, ಸೋತು ಬಂದು ಕರಕೊಂಡು ಹೋಗುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿದ. ಗೋಲಿನ ಹಿಂದೆ, ಹೊಸ ರುಮಾಲು ಸುತ್ತಿಕೊಂಡು, ಬಸವಂತ್ರಾಯ ಎರಡು ಕೈ ಹಿಂದೆ ಕಟ್ಟಿ ನಿಂತಿದ್ದ.

ಆಟದ ತೀರ್ಪು ಹೇಳುವ ಪಂಚ ಸೀಟಿ ಊದಿದ. ಯಾದಗಿರಿಯವರು ಅಂಥ ಆಟ ಹಿಂದೆಂದೂ ಆಡಿರಲಿಲ್ಲ. ಸಂಬಳಕ್ಕೆ ಆಡುವಾಗ ಇಲ್ಲದ ಹುರುಪು ಗೆಳೆಯನ ಹೆಂಡತಿಗಾಗಿ ಬಂದುಬಿಟ್ಟಿತ್ತು. ಜನ ಇನ್ನೂ ಕೂಡುತ್ತಿರುವಾಗಲೇ ಬಾಷುಮಿಯಾ ಒಂದು ಗೋಲು ಹೊಡೆದು, ನೀಲಕಂಠನ ಕಡೆ ತಿರುಗಿ ಎದೆ ತಟ್ಟಿ ತೋರಿಸಿದ. ಸ್ವಲ್ಪ ಹೊತ್ತಿಗೆ ಎರಡನೆಯದು. ಹೊಡೆದವನು ಅಷ್ಟು ದೂರದಿಂದ ಓಡಿ ಬಂದು ನೀಲಕಂಠನನ್ನು ಅಪ್ಪಿಕೊಂಡ. ಹಿಂದಿನಿಂದ ಬಸವಂತ್ರಾಯ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು. ನೀಲಕಂಠ ತಿರುಗಿ ನೋಡಲಿಲ್ಲ.

ಚೆಂಡೇ ಬಾರದೆ ಅದನ್ನು ಬಿಡುವುದಾದರೂ ಹೇಗೆ? ಅವನು ಗೋಲಿನ ಬಾಯಲ್ಲಿ ಅತ್ತಿಂದಿತ್ತ ತಿರುಗಾಡಿದ. ವಿರಾಮದ ಹೊತ್ತಿಗೆ ಮೂರು ಗೋಲಾಗಿತ್ತು. ಮೂರೂ ಯಾದಗಿರಿಯವೇ.

ವಿರಾಮದ ನಂತರ ಕೊನೆಗೂ ಸುರಪುರದ ಒಬ್ಬ ಎಲ್ಲರನ್ನೂ ದಾಟಿ ಒಂಟಿಯಾಗಿ ಬಂದ. ನೀಲಕಂಠನಿಗೆ ಅವನ ಕಾಲಿಗೆ ಬೀಳುವಷ್ಟು ಪ್ರೀತಿ ಬಂತು. ಬಾರಪ್ಪಾ ಬಾ ಎಂದು ಬಲಗಡೆ ಪೂರಾ ಖಾಲಿ ಬಿಟ್ಟು ಎಡಕ್ಕೆ ಸರಿದು ನಿಂತ. ಅವನು ಖಾಲಿ ಜಾಗಕ್ಕೇ ಒದ್ದ. ಎಲ್ಲಿದ್ದನೋ ವಹಾಬ, ಮಣ್ಣಿನಲ್ಲಿ ಜಾರುತ್ತ ಬಂದು ಗೆರೆಯ ಮೇಲಿಂದ ಚೆಂಡನ್ನು ಹೊರಗಟ್ಟಿದ.

"ಹೆದರಬ್ಯಾಡ ದೋಸ್ತ, ನಾ ಅದೀನಿ" ಎಂದ, ಬಾಯಿಯ ಮಣ್ಣು ಉಗುಳುತ್ತ.

"ಅದೇ ಹೆದರಿಕಿ ನನಗ" ಎಂದ ನೀಲಕಂಠ.

ಇನ್ನೊಂದು ಚೆಂಡು ಬಂತು. ಈ ಸಲ ಅವನು ಬೇಕೆಂದೇ ತಪ್ಪು ದಿಕ್ಕಿಗೆ ಬಿದ್ದ. ದರಿದ್ರ ಚೆಂಡು ಗಾಳಿಯಲ್ಲಿದ್ದ ಅವನ ಹಿಮ್ಮಡಿಗೆ ಬಡಿದು ವಾಪಸು ಹೋಯಿತು. ಸುರಪುರದವರು ಕೂಡ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಆ ಕಡೆ ನಾಲ್ಕನೆಯ ಗೋಲಾಯಿತು.

ಹೊತ್ತು ಇಳಿಯುತ್ತ ಬಂತು. ಪಂಚ ತನ್ನ ಕೈಗಡಿಯಾರ ನೋಡಿಕೊಳ್ಳತೊಡಗಿದ. ಬಯಲು ಸಾವಿನ ಮನೆಯಂತೆ ಸುಮ್ಮನಾಗಿತ್ತು. ಸೋಲುವ ಆಸೆ ಮುಗಿದಿತ್ತು. ಒಂದಾದರೂ ಬಿಟ್ಟರೆ ಮಾವನ ಕರುಳು ಕರಗೀತು ಎಂಬ ಆಸೆಯೊಂದು ಉಳಿದಿತ್ತು. ಅದೇ ಹೊತ್ತಿಗೆ ಬಾಷುಮಿಯಾ ಚೆಂಡನ್ನು ಮೆಲ್ಲಗೆ ಹಿಂದಕ್ಕೆ, ನೀಲಕಂಠನ ಕೈಗೇ ಕೊಟ್ಟ. ಇನ್ನು ಸಾವಕಾಶ ಆಡಿ ಹೊತ್ತು ಕಳೆಯೋಣ ಎಂದು ಅದರ ಅರ್ಥ.

ನೀಲಕಂಠ ಚೆಂಡು ಹಿಡಿದು ಗೆರೆಯ ಹತ್ತಿರವೇ ನಿಂತ. ಬೆವರು ಕಣ್ಣಿಗೆ ಇಳಿಯಿತು. ವಹಾಬನಿಗೆ ಎಸೆಯುವವನಂತೆ ಕೈಯನ್ನು ಹಿಂದಕ್ಕೆ ಬೀಸಿದ. ಹಿಂದೆ ಹೋದ ಕೈ ಮುಂದೆ ಬರುವಾಗ ಖಾಲಿಯಾಗಿತ್ತು. ಚೆಂಡು ಅವನ ಬೆನ್ನ ಹಿಂದೆ ಎರಡು ಪುಟಿ ಪುಟಿದು ಬಲೆಯೊಳಗೆ ಹೋಗಿ ಕೂತಿತು.

ಅರೆಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಪಂಚ ಸೀಟಿ ಊದಿ ಸುರಪುರಕ್ಕೆ ಒಂದು ಗೋಲು ಎಂದು ಬೆರಳೆತ್ತಿದ. ಬಯಲೆಲ್ಲ ಕುಣಿಯಿತು. ಬಾಷುಮಿಯಾ ನಿಧಾನವಾಗಿ ನಡೆದು ಬಂದ.

"ಏನಾತು?"

"ಕೈ ಬೆವತಿತ್ರಿ. ಜಾರಿತ್ರಿ."

ಬಾಷುಮಿಯಾ ಅವನ ಅಂಗೈ ಹಿಡಿದು ತಿರುವಿ ನೋಡಿದ. ಆಮೇಲೆ, "ನಾಕ ಹಾಕೀವಿ. ಒಂದು ಹೋದ್ರ ಹೋಗ್ಲಿ" ಎಂದು ತಿರುಗಿದ.

ಆಟ ಮುಗಿದೊಡನೆ ಅವನು ಮಣ್ಣುಗಾಲಲ್ಲೇ ಮಾವನ ಮನೆಗೆ ಓಡಿದ. ಗೆದ್ದು ಬಂದಿದ್ದೇನೆ, ಬಾಗಿಲಲ್ಲೇ ಬೈಸಿಕೊಳ್ಳಬೇಕು ಎಂದುಕೊಂಡಿದ್ದ. ಬಸವಂತ್ರಾಯ ಕಟ್ಟೆಯಿಂದ ಇಳಿದು ಬಂದು ಕೈ ಹಿಡಿದುಕೊಂಡ.

"ಬರ್ರಿ ಅಳಿಯಂದ್ರ, ಒಳಗ ಬರ್ರಿ. ಸೊನ್ನಿ ಮ್ಯಾಲ ಸೋತಿದ್ರ ನಾಳಿಗೆ ನಾ ಬಜಾರದಾಗ ಹೆಂಗ ತಲಿ ಎತ್ತಿ ಅಡ್ಯಾಡ್ಲಿ? ನಮ್ಮ ಹುಡುಗರು ಹನ್ನೊಂದ ಮಂದಿ ಕೂಡಿ ಮಾಡಲಾರದ್ದು ನೀವೊಬ್ರ ಮಾಡಿದ್ರಿ. ನನ್ನ ಸಿಟ್ಟ ಇಳೀತು." ಒಳಗೆ ತಿರುಗಿ ಕೂಗಿದ: "ಏ, ಮಗಳಿಗೆ ಉಡಿ ತುಂಬ್ರಿ. ಗಂಡ ಕರಿಯಾಕ ಬಂದಾನ."

ಅತ್ತೆ ಮೊರದಲ್ಲಿ ಅಕ್ಕಿ, ಒಣಕೊಬ್ಬರಿ, ಅರಿಷಿಣ ಬೇರು ತಂದಿಟ್ಟಳು. ನೀಲಕಂಠನ ಕಣ್ಣಲ್ಲಿ ನೀರು ಬಂತು. ದೇವಕ್ಕ ಮಾಳಿಗೆಯಿಂದ ಇಳಿದು ಬಂದಳು. ಬಂದವಳು ಮಣೆಯ ಮೇಲೆ ಕೂಡಲಿಲ್ಲ. ಕಂಬಕ್ಕೆ ಒರಗಿ ನಿಂತಳು.

"ನಾ ಬರಂಗಿಲ್ರಿ" ಎಂದಳು.

"ಯಾಕ? ಮಾವಾರ ಒಪ್ಯಾರಲ್ಲ?"

"ಅವರು ಒಪ್ಯಾರ. ನಾ ಒಪ್ಪಿಲ್ಲ. ಮೂರ ತಿಂಗಳಿಂದ ಬಾವಿ ಕಟ್ಟಿ ಮ್ಯಾಲ ಊರ ಹೆಣ್ಮಕ್ಕಳಿಗೆಲ್ಲಾ ಹೇಳ್ಕೊಂತ ಬಂದೀನಿ, ನನ್ನ ಗಂಡನ ಕೈ ದಾಟಿ ನಿಮ್ಮ ಗಂಡಸರ ಒಂದ ಚೆಂಡೂ ಒಳಗ ಹೋಗಂಗಿಲ್ಲ ಅಂತ. ಮುಂಜಾನಿಂದ ಉಪಾಸ ಅದೀನಿ. ನೀವು ನೋಡಿದ್ರ, ಅವರಿಗೆ ಹಾಕಾಕ ಬರವಲ್ದು ಅಂತ ನೀವ ಹಾಕಿ ಕೊಟ್ರಿ."

"ಕೈ ಜಾರಿತು."

"ಜಾರಿಲ್ಲ. ನಾ ಮ್ಯಾಲ ನಿಂತು ನೋಡೀನಿ."

ನೀಲಕಂಠ ತಲೆ ತಗ್ಗಿಸಿದ. "ನಿನ್ನ ಸಲುವಾಗೇ ಬಿಟ್ಟೆ, ದೇವಕ್ಕ."

"ನನ್ನ ಸಲುವಾಗಿ ಹಿಡೀಬೇಕಿತ್ತು" ಎಂದಳು ಅವಳು. ಕಣ್ಣು ತುಂಬಿತು, ಆದರೂ ಕಂಬ ಬಿಟ್ಟು ಬರಲಿಲ್ಲ. "ಸಂಕ್ರಮಣ ಆದಮ್ಯಾಲ ನಮ್ಮೂರವರು ಯಾದಗಿರಿಗೆ ಆಡಾಕ ಬರ್ತಾರ. ನಾನೂ ಬರ್ತೀನಿ. ಒಂದೂ ಬಿಡಬ್ಯಾಡ್ರಿ. ಬಯಲಿನಿಂದ ಹಂಗ ಮನಿಗೆ ಬಂದು ರೊಟ್ಟಿ ಬಡೀತೀನಿ. ಬಿಟ್ರ, ಬಂದ ಗಾಡ್ಯಾಗ ತಿರುಗಿ ಬರ್ತೀನಿ."

ಹೊರಗೆ ಗಿರಣಿಯ ಲಾರಿ ಹಾರ್ನು ಹೊಡೆಯಿತು. ವಹಾಬ ಗೆಲುವಿನ ಖುಷಿಯಲ್ಲಿ ಇವನ ಹೆಸರು ಹಿಡಿದು ಕೂಗುತ್ತಿದ್ದ. ಒಂದೂ ಬಿಡಬಾರದು, ಅಷ್ಟೇ ತಾನೆ, ಅದು ತನ್ನ ಕೆಲಸವೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡು ನೀಲಕಂಠ ಹೊಸ್ತಿಲು ದಾಟಿದ. ಅಂಗಳದಲ್ಲಿ ಬಸವಂತ್ರಾಯ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಮಗಳಿಗೆ ಕೇಳಬಾರದೆಂದು ಕಿವಿಯ ಹತ್ತಿರ ಬಾಯಿ ತಂದ.

"ಆಕಿ ಮಾತು ತಲ್ಯಾಗ ಹಾಕ್ಕೋಬ್ಯಾಡ್ರಿ ಅಳಿಯಂದ್ರ. ಸಂಕ್ರಮಣಕ್ಕೂ ಹಿಂಗ ಒಂದ ನಮಗ ಬಿಡ್ರಿ. ಬಿಡದಿದ್ರ, ನಾ ಉಡಿ ತುಂಬಸಂಗಿಲ್ಲ."